ಪ್ರೊಮೆನೇಡ್‌ಗೆ ಕನ್ನಡದಲ್ಲಿ ಯಾವ ಪದ? ವಾಯುವಿಹಾರನಾ, ಅಡ್ಡಾಡೋದಾ?

ಪ್ರೊಮೆನೇಡ್ ಅಂದ್ರೆ ಜನರ ನಡುವೆ ಆರಾಮಾಗಿ ನಡೆಯೋದೂ ಹೌದು, ಹಾಗೆ ನಡೆಯೋಕೆ ಅಂತಾನೇ ಮಾಡಿದ ದಾರಿನೂ ಹೌದು. ಪದ ಫ್ರೆಂಚಿಂದ ಬಂದಿದ್ದು, ಅಲ್ಲಿನ ನೀಸ್ ಊರಲ್ಲಿ 1820ರ ದಶಕದಲ್ಲಿ ಶುರುವಾದ ಸಮುದ್ರದಂಡೆ ದಾರಿಗೆ ಈಗ್ಲೂ ಅದೇ ಹೆಸರು.

ಅನುವಾದ ಮಾಡೋರು ಕೂಡ್ಲೇ ವಾಯುವಿಹಾರ ಅಂತ ಹಾಕ್ಬಿಡ್ತಾರೆ. ಬೋರ್ಡಿಗೆ, ಪೇಪರಿಗೆ ಚೆನ್ನಾಗೇ ಇದೆ, ಆದ್ರೆ ಅದ್ರಲ್ಲಿ ಗಾಳಿ ಇದೆ, ಜನ ಇಲ್ಲ. ವಾಕಿಂಗ್ ಅಂದ್ರೆ ನಮ್ ಶಿವಮೊಗ್ಗದಲ್ಲಿ ಬೆಳಗ್ಗೆ ಶೂ ಹಾಕ್ಕೊಂಡು ಶುಗರ್‌ಗೆ ಅಂತ ಬಿರಬಿರನೆ ನಡೆಯೋದು. ಸುತ್ತಾಟ ಅಂದ್ರೆ ಜೋಗಕ್ಕೋ ಆಗುಂಬೆಗೋ ಹೋಗ್ಬರೋದು, ಅದೂ ಕೂರಲ್ಲ.

ಅಡ್ಡಾಡ್ಕೊಂಡ್ ಬರೋದು ಅನ್ನೋದ್ರಲ್ಲಿ ಎಲ್ಲಾ ಇದೆ. ಸಂಜೆ ಮಳೆ ಬಿಟ್ಟಾಗ ನೆಹರೂ ರೋಡಲ್ಲಿ ಗೋಪಿ ಸರ್ಕಲ್ ಕಡೆ, ಒಂದು ಕೈಯಲ್ಲಿ ಮಡಿಸಿದ ಛತ್ರಿ ಇನ್ನೊಂದ್ರಲ್ಲಿ ಬಿಸಿ ಶೇಂಗಾ ಪೊಟ್ಲ, ಎದುರು ಸಿಕ್ಕೋರು "ಏನ್ ಮಾರಾಯ್ರೇ, ಕಾಣೋದೇ ಇಲ್ವಲ್ಲ" ಅಂದ್ರೆ ಅಲ್ಲೇ ನಿಂತು ಹತ್ತು ನಿಮಿಷ ಮಾತಾಡಿ ಮತ್ತೆ ನಡೆಯೋದು, ಕೆಲಸ ಏನೂ ಇರಲ್ಲ, ಆದ್ರೂ ಒಳ್ಳೇ ಶರ್ಟ್ ಹಾಕ್ಕೊಂಡಿರ್ತೀವಿ. ನನ್ ಆಯ್ಕೆ ಇದೇ.

ದಾರಿಯ ಬಗ್ಗೆ ಬರೀತಿದ್ರೆ ಮಾತ್ರ ವಿಹಾರಪಥ ಅನ್ನಿ, ತುಂಗೆ ದಂಡೆ ದಾರಿಗೆ ಅದು ಚೆನ್ನಾಗಿ ಒಪ್ಪುತ್ತೆ.