ಬಿಡದಿಯ ಹಳೆಯ ಕೊರೊಲ್ಲಾಕ್ಕೆ ಸ್ಟ್ರಟ್ ಬಾರ್: ಬಾರ್ ಒಳ್ಳೆಯದು, ಅದಕ್ಕಿಂತ ಕೂರಿಸಿದ ಕೆಲಸ ಒಳ್ಳೆಯದು

ಬಿಡದಿಯ ಟೊಯೋಟ ಕಿರ್ಲೋಸ್ಕರ್ ಕಾರ್ಖಾನೆಯಲ್ಲಿ 2003ರಿಂದ 2008ರವರೆಗೆ ತಯಾರಾದ ಕೊರೊಲ್ಲಾ ಕಾರುಗಳು ಇವತ್ತಿಗೂ ನಮ್ಮ ರಸ್ತೆಗಳಲ್ಲಿ ಕಾಣಸಿಗುತ್ತವೆ. 1794 ಸಿಸಿಯ ಆ ಪೆಟ್ರೋಲ್ ಎಂಜಿನ್ ಸರಿಯಾಗಿ ನೋಡಿಕೊಂಡವರ ಕೈಯಲ್ಲಿ ಬೇಗ ಸೋಲುವುದಿಲ್ಲ. ವಯಸ್ಸು ಕಾಣಿಸುವುದು ಕಾರಿನ ಮುಂಭಾಗದ ಬಿಗಿಯಲ್ಲಿ. ಘಾಟಿಯ ತಿರುವಿನಲ್ಲಿ ಸ್ಟೀರಿಂಗ್ ತಿರುಗಿಸಿದ ಮೇಲೆ ಮೂತಿ ಕೊಂಚ ತಡೆದು ಹಿಂಬಾಲಿಸುತ್ತದೆ. ಈ ಕಾರಿಗೆಂದು ಮಾರಾಟವಾಗುವ, ಹೊರದೇಶದಲ್ಲಿ ತಯಾರಾದ ಮುಂಭಾಗದ ಸ್ಟ್ರಟ್ ಬಾರ್ (ಬಾನೆಟ್ಟಿನೊಳಗೆ ಎಡಬಲದ ಎರಡು ಮೂಲೆಗಳನ್ನು ಒಂದಕ್ಕೊಂದು ಕಟ್ಟುವ ಅಡ್ಡಕೋಲು) ಒಂದನ್ನು ತರಿಸಿ, ಬೆಂಗಳೂರಿನ ಜೆ.ಸಿ. ರಸ್ತೆಯ ಆಸುಪಾಸಿನ ಒಂದು ಸಣ್ಣ ವರ್ಕ್‌ಶಾಪಿನಲ್ಲಿ ಕೂರಿಸಿಕೊಂಡೆ. ಮೊದಲೇ ಹೇಳಿಬಿಡುವುದಾದರೆ, ಬಾರ್ ಗಟ್ಟಿಯಾದದ್ದು, ಅದರ ಜೊತೆ ಬಂದ ಪ್ಲೇಟುಗಳು ನಮ್ಮ ಬಲಗೈ ಚಾಲನೆಯ, ಅಂದರೆ ಸ್ಟೀರಿಂಗ್ ಬಲಕ್ಕಿರುವ, ಕಾರನ್ನು ನೋಡಿ ಮಾಡಿದವಲ್ಲ, ಮತ್ತು ಈ ಖರೀದಿಯನ್ನು ಉಳಿಸಿದ್ದು ವರ್ಕ್‌ಶಾಪಿನವರ ತಾಳ್ಮೆ.

ಬಾರಿನ ಕೆಲಸವೇನೆಂಬುದು ಸ್ಪಷ್ಟವಿದ್ದರೆ ಮುಂದಿನದನ್ನು ತೂಗಿ ನೋಡಲು ಅನುಕೂಲ. ನಮ್ಮಲ್ಲಿನ ಬಹುಪಾಲು ಸಣ್ಣ ಮತ್ತು ಮಧ್ಯಮ ಕಾರುಗಳ ಮುಂದಿನ ಚಕ್ರಗಳಿಗಿರುವುದು ಮ್ಯಾಕ್‌ಫರ್ಸನ್ ಸ್ಟ್ರಟ್. ಅಮೆರಿಕದ ಎಂಜಿನಿಯರ್ ಅರ್ಲ್ ಮ್ಯಾಕ್‌ಫರ್ಸನ್ ರೂಪಿಸಿದ ಈ ವ್ಯವಸ್ಥೆಯನ್ನು 1950ರಲ್ಲಿ ಇಂಗ್ಲೆಂಡಿನ ಫೋರ್ಡ್ ಕಂಪನಿ ತನ್ನ ಕಾನ್ಸಲ್ ಕಾರಿನಲ್ಲಿ ಬಳಸಿತು. ಕಡಿಮೆ ಬಿಡಿಭಾಗ, ಕಡಿಮೆ ಜಾಗ, ಕಡಿಮೆ ಖರ್ಚು ಎಂಬ ಕಾರಣಕ್ಕೆ ಆಮೇಲೆ ಅದು ಲೋಕವನ್ನೆಲ್ಲ ವ್ಯಾಪಿಸಿತು. ಇದರಲ್ಲಿ ಸ್ಪ್ರಿಂಗು ಮತ್ತು ಶಾಕ್ ಅಬ್ಸಾರ್ಬರು ಒಂದೇ ಕಂಬವಾಗಿ ನಿಂತು, ಅದರ ನೆತ್ತಿ ಬಾನೆಟ್ಟಿನೊಳಗೆ ಎಡಬಲದಲ್ಲಿ ಕಾಣುವ ಸ್ಟ್ರಟ್ ಟವರಿಗೆ ನಟ್ಟುಗಳಿಂದ ಬಿಗಿದಿರುತ್ತದೆ. ತಿರುವಿನಲ್ಲಿ ಚಕ್ರದ ಮೇಲೆ ಬೀಳುವ ಅಡ್ಡಬಲದ ಒಂದು ಪಾಲು ಈ ಟವರುಗಳನ್ನು ಒಳಕ್ಕೋ ಹೊರಕ್ಕೋ ತಳ್ಳುತ್ತದೆ. ಎಂಜಿನ್ ಕೂರುವ ಜಾಗವೋ, ಮುಚ್ಚಳ ತೆಗೆದ ರಟ್ಟಿನ ಪೆಟ್ಟಿಗೆಯಂತೆ, ಮೇಲ್ಭಾಗ ತೆರೆದಿರುವುದರಿಂದ ಸುಲಭವಾಗಿ ಓರೆಯಾಗಬಲ್ಲದು. ಎರಡು ಟವರುಗಳ ನೆತ್ತಿಯನ್ನು ಒಂದಕ್ಕೊಂದು ಕಟ್ಟಿ ಆ ಚಲನೆಯನ್ನು ತಗ್ಗಿಸುವುದೇ ಸ್ಟ್ರಟ್ ಬಾರಿನ ಕೆಲಸ. ಟವರುಗಳು ಎಂಜಿನ್ ಕೂರುವ ಜಾಗದ ಹಿಂಗೋಡೆಗೆ, ಅಂದರೆ ಫೈರ್‌ವಾಲಿಗೆ, ಅಂಟಿಕೊಂಡಂತೆ ಇರುವ ಹೊಸ ಕಾರುಗಳಲ್ಲಿ ಅವು ಅಲುಗುವುದೇ ಕಡಿಮೆ. ಅಲ್ಲಿ ಬಾರ್ ಹಾಕಿ ಸಿಗುವ ಲಾಭವೂ ಅಷ್ಟಕ್ಕಷ್ಟೇ.

ಪೆಟ್ಟಿಗೆಯಲ್ಲಿ ಬಂದದ್ದು ದೀರ್ಘವೃತ್ತಾಕಾರದ ಒಂದು ನೇರ ಅಲ್ಯೂಮಿನಿಯಂ ಕೊಳವೆ, ಟವರಿನ ಮೇಲೆ ಕೂರುವ ಎರಡು ಉಕ್ಕಿನ ಪ್ಲೇಟುಗಳು, ಅವನ್ನು ಕೊಳವೆಗೆ ಜೋಡಿಸುವ ದಪ್ಪ ಬೋಲ್ಟುಗಳು ಮತ್ತು ಉದ್ದವನ್ನು ಸ್ವಲ್ಪ ಹೊಂದಿಸಿಕೊಳ್ಳಲು ಮರೆಯುಳ್ಳ (ತಿರುಪಿನ ಸುತ್ತುಗಳಿರುವ) ತುದಿಗಳು. ಕೊಳವೆಯ ಬೆಸುಗೆ ಅಚ್ಚುಕಟ್ಟಾಗಿದೆ, ಬಣ್ಣ ಗಟ್ಟಿಯಾಗಿದೆ, ಪ್ಲೇಟಿನ ಮೂರು ರಂಧ್ರಗಳು ಸ್ಟ್ರಟ್ಟಿನ ನೆತ್ತಿಯ ಮೂರು ಬೋಲ್ಟುಗಳಿಗೆ ಅಲುಗಾಟವಿಲ್ಲದೆ ಕೂರುತ್ತವೆ. ಇಷ್ಟರ ಮಟ್ಟಿಗೆ ತಯಾರಕರನ್ನು ಮೆಚ್ಚಲೇಬೇಕು. ಕೈಪಿಡಿಯಂತೂ ಒಂದೇ ಒಂದು ಹಾಳೆ, ಅದರ ಚಿತ್ರದಲ್ಲಿರುವುದು ಎಡಗೈ ಚಾಲನೆಯ ಕಾರು.

ತೊಂದರೆ ಶುರುವಾಗುವುದು ಅಲ್ಲಿಯೇ. ನಮ್ಮ ಕಾರಿನಲ್ಲಿ ಬ್ರೇಕಿನ ಬೂಸ್ಟರು, ಮಾಸ್ಟರ್ ಸಿಲಿಂಡರು ಮತ್ತು ಅದರ ಮೇಲಿನ ಎಣ್ಣೆಯ ಡಬ್ಬಿ ಬಲ ಟವರಿನ ಪಕ್ಕದಲ್ಲೇ ಇವೆ; ಬ್ರೇಕಿನ ಉಕ್ಕಿನ ಪೈಪುಗಳೂ ಕ್ಲಚ್ಚಿನ ಪೈಪೂ ಅದೇ ಮೂಲೆಯಲ್ಲಿ ಹಾದುಹೋಗುತ್ತವೆ. ಎಡಗೈ ಚಾಲನೆಯ ಕಾರಿನಲ್ಲಿ ಈ ಮೂಲೆ ಖಾಲಿ ಇರುವುದರಿಂದ ಬಲಭಾಗದ ಪ್ಲೇಟನ್ನು ತಯಾರಕರು ಅಗಲವಾಗಿ, ಹಿಂದಕ್ಕೆ ಚಾಚುವಂತೆ ಮಾಡಿದ್ದಾರೆ. ನಮ್ಮಲ್ಲಿ ಆ ಚಾಚು ನೇರವಾಗಿ ಎಣ್ಣೆಯ ಡಬ್ಬಿಗೆ ತಾಗುತ್ತದೆ ಮತ್ತು ಒಂದು ಬ್ರೇಕ್ ಪೈಪಿನ ಮೇಲೆ ಒರಗುತ್ತದೆ. ಮಾರಾಟದ ಪುಟದಲ್ಲಿ ಮಾತ್ರ ಎರಡೂ ಬಗೆಯ ಕಾರಿಗೆ ಹೊಂದುತ್ತದೆ ಎಂದೇ ಬರೆದಿತ್ತು. ಬ್ರೇಕಿನ ಪೈಪಿಗೆ ಉಕ್ಕಿನ ಅಂಚೊಂದು ದಿನವೂ ಉಜ್ಜುತ್ತಿರುವುದು ಎಂಥ ಅಪಾಯವೆಂದು ಬಿಡಿಸಿ ಹೇಳಬೇಕಾಗಿಲ್ಲ. ಇಂಥ ವಸ್ತುವನ್ನು ಮಾರುವವರು ಈ ಒಂದು ಸಂಗತಿಯನ್ನಾದರೂ ಖಾತ್ರಿ ಮಾಡಿಕೊಂಡು ಬರೆಯಬೇಕು.

ಮೊದಲು ಕೇಳಿದ ಬೇರೊಂದು ಗ್ಯಾರೇಜಿನಲ್ಲಿ ಸಿಕ್ಕ ಸಲಹೆ, ಬಾರನ್ನು ಸ್ವಲ್ಪ ಬಗ್ಗಿಸಿಬಿಡೋಣ, ಇಲ್ಲವೇ ಬಾಗಿದ ಉಕ್ಕಿನ ಬಾರ್ ಒಂದನ್ನು ಹೊಸದಾಗಿ ಮಾಡಿಸೋಣ ಎಂಬುದು. ಮಾರುಕಟ್ಟೆಯಲ್ಲಿ ಎಂಜಿನ್ನಿನ ಭಾಗಗಳನ್ನು ಸುತ್ತುಬಳಸಿ ಹೋಗಲೆಂದು ಎರಡು ಮೂರು ಕಡೆ ಬಾಗಿಸಿದ ಬಾರುಗಳು ಧಾರಾಳವಾಗಿ ಸಿಗುತ್ತವೆ ಕೂಡ. ಇಂಥ ಬಾರನ್ನು ಕೊಳ್ಳುವ ಮುನ್ನ ಒಂದು ಲೆಕ್ಕವನ್ನು ನೋಡುವುದು ಒಳ್ಳೆಯದು. ಹೊರವ್ಯಾಸ 25 ಮಿಲಿಮೀಟರ್, ಗೋಡೆ 2 ಮಿಲಿಮೀಟರ್ ಇರುವ ಒಂದು ಮೀಟರ್ ಉದ್ದದ ನೇರ ಉಕ್ಕಿನ ಕೊಳವೆಯನ್ನು ತುದಿಗಳಿಂದ ಒತ್ತಿ ಒಂದು ಮಿಲಿಮೀಟರ್ ಕುಗ್ಗಿಸಲು ಸುಮಾರು 2,900 ಕಿಲೋಗ್ರಾಂ ಭಾರದಷ್ಟು ಬಲ ಬೇಕು. ಅದೇ ಕೊಳವೆ ನಡುವಿನಲ್ಲಿ 60 ಮಿಲಿಮೀಟರಿನಷ್ಟು ಮೇಲಕ್ಕೆ ಬಾಗಿದ್ದು, ಎರಡೂ ತುದಿಗಳು ಬೋಲ್ಟಿನ ಮೇಲೆ ತಿರುಗುವಂತಿದ್ದರೆ ಸುಮಾರು 155 ಕಿಲೋಗ್ರಾಂ ಸಾಕು. ನೇರ ಕೊಳವೆಯಲ್ಲಿ ಬಲ ಅದರ ಉದ್ದಕ್ಕೆ ಹರಿಯುತ್ತದೆ. ಬಾಗಿದ ಕೊಳವೆಯಲ್ಲಿ ಅದು ಬಾಗನ್ನೇ ಇನ್ನಷ್ಟು ಬಾಗಿಸಲು ಬಳಕೆಯಾಗುತ್ತದೆ. ತುದಿಗಳನ್ನು ಪ್ಲೇಟಿಗೆ ಬೆಸೆದು ಕೊಳವೆಯನ್ನು ದಪ್ಪ ಮಾಡಿದರೆ ಈ ನಷ್ಟ ಕಡಿಮೆಯಾಗುತ್ತದೆ, ನಿಜ, ಪೂರ್ತಿ ಇಲ್ಲವಾಗುವುದಿಲ್ಲ. ಹಾಗಾಗಿ ಸ್ಟ್ರಟ್ ಬಾರಿನ ಯೋಗ್ಯತೆಯನ್ನು ತೀರ್ಮಾನಿಸುವುದು, ಅದರ ಲೋಹಕ್ಕಿಂತ ಹೆಚ್ಚಾಗಿ, ಎಂಜಿನ್ನಿನ ಭಾಗಗಳ ನಡುವೆ ಅದು ಎಷ್ಟು ನೇರವಾಗಿ ದಾಟಿ ಹೋಗುತ್ತದೆ ಎಂಬುದು.

ಜೆ.ಸಿ. ರಸ್ತೆಯ ಬಳಿಯ ವರ್ಕ್‌ಶಾಪಿನ ಹಿರಿಯ ಫಿಟ್ಟರ್ ಈ ಲೆಕ್ಕವನ್ನು ಕಾಗದದ ಮೇಲೆ ಮಾಡಿದವರಲ್ಲ, ಆದರೆ ಕೊಳವೆಯನ್ನು ಟವರುಗಳ ಮೇಲೆ ಹಿಡಿದು ನೋಡಿದ ಕೂಡಲೇ "ಸರ್, ಬಾರ್ ಮುಟ್ಟೋದು ಬೇಡ, ಬ್ರೇಕಿನ ಪೈಪೂ ಮುಟ್ಟೋದು ಬೇಡ, ಪ್ಲೇಟ್ ಬೇರೆ ಮಾಡೋಣ" ಎಂದರು. ಆ ಮಾತಿನಲ್ಲಿ ಇಡೀ ಕೆಲಸದ ಸೂತ್ರವಿತ್ತು. ಬಂದಿದ್ದ ಪ್ಲೇಟಿನ ಚಾಚನ್ನು ಗ್ರೈಂಡರಿನಿಂದ ಕತ್ತರಿಸಿ ಹಾಕುವುದು ಸುಲಭವಿತ್ತು. ಹಾಗೆ ಮಾಡಿದ್ದರೆ ಹಿಂದಿನ ರಂಧ್ರದ ಸುತ್ತ ಉಳಿಯುವ ಲೋಹ ತೀರಾ ಕಡಿಮೆಯಾಗುತ್ತಿತ್ತು. ಅವರು ಟವರಿನ ನೆತ್ತಿಯ ಅಚ್ಚನ್ನು ಮೊದಲು ರಟ್ಟಿನಲ್ಲಿ ತೆಗೆದು, ಬಾನೆಟ್ ಮುಚ್ಚಿ ತೆರೆದು ಪರೀಕ್ಷಿಸಿ, ಆಮೇಲೆ 5 ಮಿಲಿಮೀಟರ್ ಉಕ್ಕಿನ ತಗಡಿನಲ್ಲಿ ಹೊಸ ಪ್ಲೇಟು ಕತ್ತರಿಸಿದರು. ಬಾರ್ ಜೋಡಣೆಯಾಗುವ ಕಿವಿಯನ್ನು ಎಣ್ಣೆಯ ಡಬ್ಬಿಯಿಂದ ದೂರವಾಗುವಂತೆ ಮುಂದಕ್ಕೆ ತಂದರು. ಒಂದೇ ಕಡೆ ಮುಂದೆ ತಂದರೆ ಬಾರ್ ಓರೆಯಾಗುತ್ತದೆಂದು ಎಡಭಾಗದ ಪ್ಲೇಟನ್ನೂ ಅದೇ ಅಳತೆಗೆ ಹೊಸದಾಗಿ ಮಾಡಿದರು. ಎರಡೂ ಪ್ಲೇಟುಗಳಿಗೆ ಪ್ರೈಮರ್ ಮತ್ತು ಬಣ್ಣ ಬಳಿದು ಒಣಗಿಸಿದ ಮೇಲೆಯೇ ಕಾರಿನ ಹತ್ತಿರ ತಂದರು.

ಕೂರಿಸುವ ಕ್ರಮವನ್ನು ವಿವರವಾಗಿ ಬರೆಯುತ್ತಿದ್ದೇನೆ, ಏಕೆಂದರೆ ಒಳ್ಳೆಯ ವರ್ಕ್‌ಶಾಪನ್ನು ಗುರುತಿಸುವುದು ಇದರಿಂದಲೇ. ಕಾರು ಸಮತಟ್ಟಾದ ನೆಲದಲ್ಲಿ ತನ್ನ ನಾಲ್ಕೂ ಚಕ್ರಗಳ ಮೇಲೆ ನಿಂತಿತ್ತು; ಜಾಕ್ ಹಾಕಿರಲಿಲ್ಲ. ಕಾರಿನ ಭಾರ ಸ್ಟ್ರಟ್ಟಿನ ಮೇಲಿದ್ದಾಗ ಅದರ ನೆತ್ತಿ ಟವರಿಗೆ ಒತ್ತಿಕೊಂಡೇ ಇರುತ್ತದೆ, ನಟ್ಟು ತೆಗೆದರೂ ಕೆಳಗೆ ಜಾರುವುದಿಲ್ಲ. ಬ್ಯಾಟರಿಯ ನೆಗೆಟಿವ್ ತಂತಿಯನ್ನು ಮೊದಲೇ ಕಳಚಿದ್ದರು, ಉದ್ದನೆಯ ಲೋಹದ ಬಾರ್ ಹಿಡಿದು ಬ್ಯಾಟರಿಯ ಪಕ್ಕದಲ್ಲಿ ಕೆಲಸ ಮಾಡುವಾಗ ಇದನ್ನು ಬಿಡುವಂತಿಲ್ಲ. ಒಂದು ಕಡೆಯ ಮೂರು ನಟ್ಟುಗಳನ್ನು ತೆಗೆದು, ಪ್ಲೇಟು ಕೂರಿಸಿ, ಮತ್ತೆ ಕೈಯಿಂದ ಬಿಗಿದ ನಂತರವೇ ಇನ್ನೊಂದು ಕಡೆಗೆ ಹೋದರು. ನಟ್ಟುಗಳು ಹೊಸವು. ಪ್ಲೇಟಿನ ದಪ್ಪ ಸೇರಿದ ಮೇಲೆಯೂ ನಟ್ಟಿನ ಮೇಲೆ ಎರಡು ಮರೆಗಳಾದರೂ ಹೊರಗೆ ಕಾಣಬೇಕೆಂದು ಫಿಟ್ಟರ್ ಒಂದೊಂದನ್ನೂ ನೋಡಿದರು. ಕಾಣದಿದ್ದರೆ ಆ ಪ್ಲೇಟು ಆ ಕಾರಿಗೆ ದಪ್ಪವಾಯಿತೆಂದೇ ಅರ್ಥ. ಟೊಯೋಟ ಈ ನಟ್ಟುಗಳಿಗೆ ಹೇಳಿರುವ ಬಿಗಿ 39 ನ್ಯೂಟನ್ ಮೀಟರ್, ಅಷ್ಟಕ್ಕೆ, ಬಿಗಿಯನ್ನು ಅಳೆದು ತೋರಿಸುವ ಟಾರ್ಕ್ ರೆಂಚಿನಿಂದಲೇ ಬಿಗಿದರು. ಸ್ಟ್ರಟ್ಟಿನ ನಟ್ಟನಡುವಿನ ದೊಡ್ಡ ನಟ್ಟನ್ನು ಯಾರೂ ಮುಟ್ಟಲಿಲ್ಲ. ಒತ್ತಿಹಿಡಿದ ಸ್ಪ್ರಿಂಗನ್ನು ಹಿಡಿದಿಟ್ಟಿರುವುದು ಅದು. ಬಾರ್ ಕೂರಿಸಲು ಅದನ್ನು ಬಿಚ್ಚಬೇಕೆಂದು ಈ ಕಾರಿನ ವಿಷಯದಲ್ಲಿ ಯಾರಾದರೂ ಹೇಳಿದರೆ ಅಲ್ಲಿಂದ ಕಾರನ್ನು ತೆಗೆದುಕೊಂಡು ಹೊರಟುಬಿಡುವುದು ಕ್ಷೇಮ.

ಕೊನೆಗೆ ಬಾರಿನ ಉದ್ದವನ್ನು ಹೊಂದಿಸುವ ಕೆಲಸ. ಮರೆಯುಳ್ಳ ತುದಿಗಳನ್ನು ತಿರುಗಿಸಿ ಟವರುಗಳನ್ನು ಒತ್ತಿ ಬಿಗಿಗೊಳಿಸಬೇಕೆಂಬ ನಂಬಿಕೆ ಹಲವರಲ್ಲಿದೆ. ಹಾಗೆ ಮಾಡಿದರೆ ಟವರುಗಳು ಹೊರಕ್ಕೆ ಸರಿದು ಚಕ್ರದ ಕ್ಯಾಂಬರ್, ಅಂದರೆ ಅದರ ಮೇಲ್ತುದಿ ಒಳಕ್ಕೋ ಹೊರಕ್ಕೋ ವಾಲಿರುವ ಕೋನ, ಬದಲಾಗುತ್ತದೆ. ಜೋಡಣೆಯ ಬೋಲ್ಟು ಬೆರಳಿನಿಂದ ತಳ್ಳಿದರೆ ಸಲೀಸಾಗಿ ರಂಧ್ರದೊಳಗೆ ಹೋಗುವ ಉದ್ದಕ್ಕೆ ನಿಲ್ಲಿಸಿ ಲಾಕ್ ನಟ್ಟು ಬಿಗಿದರು. ಅಷ್ಟೇ ಬೇಕಾದದ್ದು.

ಜಾಗದ ಪರೀಕ್ಷೆಗೆ ಅವರು ತೆಗೆದುಕೊಂಡ ಸಮಯ ಕೂರಿಸಿದ್ದಕ್ಕಿಂತ ಹೆಚ್ಚು, ಮತ್ತು ನನಗೆ ಅತ್ಯಂತ ಮೆಚ್ಚಿಗೆಯಾದದ್ದೂ ಅದೇ. ಬಾರಿನ ಎತ್ತರದ ಜಾಗಗಳಲ್ಲಿ ಮಕ್ಕಳು ಆಡುವ ಬಣ್ಣದ ಕ್ಲೇ ಉಂಡೆಗಳನ್ನಿಟ್ಟು ಬಾನೆಟ್ಟನ್ನು ನಿಧಾನವಾಗಿ ಮುಚ್ಚಿ ತೆರೆದರು. ಚಪ್ಪಟೆಯಾದ ಉಂಡೆಯಲ್ಲಿ ಉಳಿದ ದಪ್ಪವನ್ನು ಅಳೆದರೆ ಬಾನೆಟ್ಟಿಗೂ ಬಾರಿಗೂ ನಡುವೆ ಉಳಿದ ಅಂತರ ಸಿಕ್ಕಿತು. ಎಂಜಿನ್ ನಿಂತಾಗ ಕಾಣುವ ಅಂತರವನ್ನು ನಂಬುವಂತಿಲ್ಲ. ಅಡ್ಡಲಾಗಿ ಕೂತ ಎಂಜಿನ್ ರಬ್ಬರಿನ ಮೌಂಟುಗಳ ಮೇಲೆ ನಿಂತಿರುವುದರಿಂದ ಆಕ್ಸಿಲರೇಟರ್ ಒತ್ತಿದಾಗ ಹಿಂದಕ್ಕೋ ಮುಂದಕ್ಕೋ ವಾಲುತ್ತದೆ, ಮೌಂಟು ಹಳತಾದಷ್ಟೂ ಹೆಚ್ಚು. ಚಕ್ರಗಳಿಗೆ ಅಡ್ಡ ಕೊಟ್ಟು, ಒಬ್ಬರು ಬ್ರೇಕ್ ಒತ್ತಿ ಹಿಡಿದು ಮೊದಲ ಗೇರಿನಲ್ಲೂ ರಿವರ್ಸಿನಲ್ಲೂ ಕ್ಲಚ್ಚನ್ನು ಕೊಂಚ ಬಿಟ್ಟು ನೋಡುವಾಗ ಇನ್ನೊಬ್ಬರು ಪಕ್ಕದಲ್ಲಿ ನಿಂತು ಎಂಜಿನ್ನಿನ ವಾಲಾಟವನ್ನು ಗಮನಿಸಿದರು. ಎಂಜಿನ್ ಎಷ್ಟೇ ವಾಲಿದರೂ ಬಾರಿಗೂ ಅದರ ಯಾವುದೇ ಭಾಗಕ್ಕೂ ಬೆರಳೊಂದು ಹಿಡಿಸುವಷ್ಟು ಜಾಗ ಉಳಿಯಲೇಬೇಕು. ಈ ಕಾರಿನ ಎಕ್ಸಾಸ್ಟ್ ಮ್ಯಾನಿಫೋಲ್ಡ್ ಎಂಜಿನ್ನಿನ ಹಿಂಬದಿಯಲ್ಲಿ, ಫೈರ್‌ವಾಲಿನ ಕಡೆಗಿದೆ. ಅಲ್ಲಿನ ಬಿಸಿಗಾಳಿ ಬಾರಿಗೆ ಬಡಿಯುತ್ತದೆ. ಹೀಗಾಗಿ ವೈರುಗಳನ್ನಾಗಲಿ ಏಸಿಯ ಪೈಪನ್ನಾಗಲಿ ಬಾರಿಗೆ ಟೈ ಹಾಕಿ ಕಟ್ಟುವ ಅಂದಗಾರಿಕೆಗೆ ಅವರು ಒಪ್ಪಲಿಲ್ಲ. ಹತ್ತಿರ ಬರುತ್ತಿದ್ದ ಒಂದು ವೈರಿನ ಕಟ್ಟನ್ನು ಅದರ ಹಳೆಯ ಕ್ಲಿಪ್ಪಿನಲ್ಲೇ ತಿರುಗಿಸಿ ದೂರ ಮಾಡಿದರು. ಬ್ರೇಕ್ ಎಣ್ಣೆಯ ಡಬ್ಬಿಯ ಮುಚ್ಚಳ ಬಾರ್ ಬಿಚ್ಚದೆ ತೆರೆಯುತ್ತದೆ, ಬ್ಯಾಟರಿಯೂ ಹೊರಬರುತ್ತದೆ.

ಇನ್ನು ರಸ್ತೆಯಲ್ಲಿ ಕಂಡದ್ದು. ಬೆಂಗಳೂರಿನ ಒಳಗೆ ವ್ಯತ್ಯಾಸ ಬಹಳ ಕಡಿಮೆ. ಒಂದೇ ಚಕ್ರ ಗುಂಡಿಗೆ ಇಳಿದಾಗ ಮುಂಭಾಗ ಮೊದಲಿಗಿಂತ ತುಸು ಒರಟಾಗಿ ಸುದ್ದಿ ಮುಟ್ಟಿಸುತ್ತದೆ. ಕೊಟ್ಟಿಗೆಹಾರದಿಂದ ಚಾರ್ಮಾಡಿ ಘಾಟಿ ಇಳಿಯುವಾಗ ಮಾತ್ರ ಬಾರ್ ತನ್ನ ಇರವನ್ನು ತೋರಿಸಿತು. ಒಂದು ತಿರುವಿನಿಂದ ಎದುರು ದಿಕ್ಕಿನ ಇನ್ನೊಂದು ತಿರುವಿಗೆ ಸ್ಟೀರಿಂಗ್ ಹೊರಳಿಸುವಾಗ ಇದ್ದ ತಡೆ ಕಡಿಮೆಯಾಗಿದೆ, ತಿರುವಿನ ನಡುವೆ ಸ್ಟೀರಿಂಗನ್ನು ಮತ್ತೆ ಮತ್ತೆ ತಿದ್ದುವ ಅಗತ್ಯ ಬೀಳುವುದಿಲ್ಲ. ಟಯರಿನ ಹಿಡಿತ ಹೆಚ್ಚಾಯಿತೆಂದಾಗಲಿ, ಅದೇ ತಿರುವನ್ನು ಹೆಚ್ಚು ವೇಗದಲ್ಲಿ ದಾಟಬಹುದೆಂದಾಗಲಿ ಹೇಳಲಾರೆ. ಆ ಘಾಟಿಯ ಮಂಜಿನಲ್ಲಿ ಹಾಗೆ ಮಾಡುವುದು ಸಲ್ಲದು ಕೂಡ. ಬಾರ್ ಹಾಕುವ ಮುನ್ನವೇ ಈ ಕಾರಿನ ಶಾಕ್ ಅಬ್ಸಾರ್ಬರು, ಸ್ಟ್ರಟ್ ಮೌಂಟು ಮತ್ತು ಲೋವರ್ ಆರ್ಮ್ ಬುಷ್ಷುಗಳನ್ನು (ಚಕ್ರವನ್ನು ಕೆಳಗಿನಿಂದ ಹಿಡಿದಿರುವ ತೋಳಿನ ರಬ್ಬರ್ ಒತ್ತುಗಳು) ಬದಲಾಯಿಸಲಾಗಿತ್ತು. ಅವು ಸವೆದಿರುವ ಕಾರಿಗೆ ಬಾರ್ ಹಾಕಿಸುವುದೆಂದರೆ ಹಣವನ್ನು ತಪ್ಪು ಜಾಗದಲ್ಲಿ ಹಾಕಿದಂತೆ, ಏಕೆಂದರೆ ಸಡಿಲವಾದ ಬುಷ್ಷಿನಲ್ಲಿ ಆಗುವ ಚಲನೆಯ ಮುಂದೆ ಟವರಿನ ಬಾಗುವಿಕೆ ಏನೂ ಅಲ್ಲ.

ಕೊಂಡವರು ತಿಳಿದಿರಬೇಕಾದ ಒಂದು ಕೊರತೆಯನ್ನೂ ಹೇಳಬೇಕು. ಎರಡು ಟವರುಗಳನ್ನು ಕಟ್ಟಿದ ಮೇಲೆ ಒಂದು ಮೂಲೆಗೆ ಬಿದ್ದ ದೊಡ್ಡ ಪೆಟ್ಟು ಇನ್ನೊಂದು ಮೂಲೆಗೂ ತಲುಪುವ ಸಾಧ್ಯತೆ ಇರುತ್ತದೆ. ಅಪಘಾತವಾದ ಕಾರಿನಲ್ಲಿ ಎರಡೂ ಕಡೆಯ ಅಳತೆ ತೆಗೆಸಬೇಕಾಗುತ್ತದೆ. ಮೋಟಾರು ವಾಹನ ಕಾಯ್ದೆಯ 52ನೇ ಕಲಮು ವಾಹನದ ಮಾರ್ಪಾಡಿನ ಬಗ್ಗೆ ಕಟ್ಟುನಿಟ್ಟಾಗಿರುವುದರಿಂದ, ಬೋಲ್ಟಿನಿಂದ ಕೂರಿಸಿ ಬೇಕೆಂದಾಗ ಬಿಚ್ಚಬಹುದಾದ ಬಾರನ್ನಷ್ಟೇ ಆರಿಸಿಕೊಂಡು, ವಿಮೆಯ ಕಂಪನಿಗೆ ಬರಹದಲ್ಲಿ ತಿಳಿಸಿಡುವುದು ಸರಿ. ಟವರಿಗೆ ಬೆಸೆಯುವ ಇಲ್ಲವೇ ಹೊಸ ರಂಧ್ರ ಕೊರೆಯುವ ಬಗೆಯ ಬಾರುಗಳನ್ನು ದಿನಬಳಕೆಯ ಕಾರಿಗೆ ನಾನು ಶಿಫಾರಸು ಮಾಡುವುದಿಲ್ಲ.

ಹೊಸ ಪ್ಲೇಟುಗಳ ಮಜೂರಿ ಬಾರಿನ ಬೆಲೆಗೆ ಹೋಲಿಸಿದರೆ ಸಣ್ಣ ಮೊತ್ತ, ಅದನ್ನು ಕೊಡಲು ಸ್ವಲ್ಪವೂ ಬೇಸರವಾಗಲಿಲ್ಲ. ಕೆಲವು ನೂರು ಕಿಲೋಮೀಟರ್ ಓಡಿದ ಮೇಲೆ ಮತ್ತೆ ಬರಲು ಹೇಳಿ, ಎಲ್ಲ ನಟ್ಟುಗಳ ಬಿಗಿಯನ್ನು ಟಾರ್ಕ್ ರೆಂಚಿನಿಂದ ಪುನಃ ನೋಡಿ, ವೀಲ್ ಅಲೈನ್‌ಮೆಂಟಿನ ಚೀಟಿಯನ್ನು ಹಳೆಯದರ ಜೊತೆ ಹೋಲಿಸಿದರು, ಕ್ಯಾಂಬರ್ ಬದಲಾಗಿರಲಿಲ್ಲ. ಮಂಗಳೂರು, ಉಡುಪಿ ಕಡೆಯವರು ಈ ಬಾರನ್ನು ಹಾಕಿಸುವುದಾದರೆ ಪ್ಲೇಟಿನ ಅಡಿಯಲ್ಲಿ ಟವರಿನ ಬಣ್ಣ ಗೀಚಿಹೋಗಿರುವ ಜಾಗಕ್ಕೆ ಟಚ್-ಅಪ್ ಬಣ್ಣ ಹಚ್ಚಿಸಿಕೊಂಡು, ಪ್ರತಿ ಮಳೆಗಾಲ ಮುಗಿದ ಮೇಲೆ ಪ್ಲೇಟಿನ ಅಂಚಿನಲ್ಲಿ ತುಕ್ಕು ಎದ್ದಿದೆಯೇ ಎಂದು ನೋಡಿಸಬೇಕು.