ದೂರದ ಜಲಯಾನಕ್ಕೆ ಸೆಕೆಂಡ್ ಹ್ಯಾಂಡ್ ಸಿ-ಡೋರಿ 22 ಕ್ರೂಸರ್: ಒಂದು ವಿಮರ್ಶೆ

ಉತ್ತರ ಅಮೆರಿಕದ ಪೂರ್ವಾರ್ಧವನ್ನು ನದಿ, ಕಾಲುವೆ, ಮಹಾಸರೋವರ ಮತ್ತು ಕರಾವಳಿಗಳ ಮೂಲಕ ಸುತ್ತಿ, ಹೊರಟ ಜಾಗಕ್ಕೇ ಮರಳುವ ಗ್ರೇಟ್ ಲೂಪ್ ಎಂಬ ಜಲಮಾರ್ಗ ಸುಮಾರು 6,000 ಮೈಲಿ ಉದ್ದವಿದೆ. ಈ ಯಾನಕ್ಕೆ ಹೊರಡುವವರಲ್ಲಿ ಹೆಚ್ಚಿನವರು ಮೂವತ್ತು ಅಡಿಗಿಂತ ಉದ್ದದ, ನಿಧಾನವಾಗಿ ಸಾಗುವ ವಾಸಯೋಗ್ಯ ಡೀಸೆಲ್ ಟ್ರಾಲರ್‌ಗಳನ್ನು ಹುಡುಕುತ್ತಾರೆ. ಅಷ್ಟು ದೊಡ್ಡ ದೋಣಿಯನ್ನು ಕೊಳ್ಳುವ, ಕಟ್ಟಿಹಾಕುವ ಮತ್ತು ನೋಡಿಕೊಳ್ಳುವ ಶಕ್ತಿ ಅಥವಾ ಮನಸ್ಸು ಇಲ್ಲದವರ ಪಟ್ಟಿಯಲ್ಲಿ ಸಿ-ಡೋರಿ 22 ಕ್ರೂಸರ್ ಬಹುಮಟ್ಟಿಗೆ ಇದ್ದೇ ಇರುತ್ತದೆ. ಇಷ್ಟು ಸಣ್ಣ ದೋಣಿಯಲ್ಲೇ ಆ ಸುತ್ತನ್ನು ಪೂರೈಸಿದವರೂ ಇದ್ದಾರೆ. ಆದ್ದರಿಂದ ದೋಣಿಯಿಂದ ಇದು ಸಾಧ್ಯವೇ ಎಂಬುದಕ್ಕಿಂತ, ಹಲವು ವರ್ಷ ಬೇರೆಯವರ ಕೈಯಲ್ಲಿದ್ದು ಈಗ ಮಾರಾಟಕ್ಕೆ ನಿಂತಿರುವ ನಿರ್ದಿಷ್ಟ ದೋಣಿಯಿಂದ ಸಾಧ್ಯವೇ ಎಂಬುದನ್ನು ಕೊಳ್ಳುವವರು ವಿಚಾರಿಸಬೇಕಾಗುತ್ತದೆ.

ಅಮೆರಿಕದ ವಾಷಿಂಗ್ಟನ್ ರಾಜ್ಯದಲ್ಲಿ ಹುಟ್ಟಿದ ಈ ದೋಣಿ 22 ಅಡಿ ಉದ್ದ, 7 ಅಡಿ 8 ಅಂಗುಲ ಅಗಲವಿದೆ. ಅಮೆರಿಕದ ರಸ್ತೆಗಳಲ್ಲಿ ವಿಶೇಷ ಪರವಾನಗಿಯಿಲ್ಲದೆ ಎಳೆದೊಯ್ಯಬಹುದಾದ ಗರಿಷ್ಠ ಅಗಲ 8 ಅಡಿ 6 ಅಂಗುಲವಾದ್ದರಿಂದ, ಇದನ್ನು ಟ್ರೇಲರ್ ಮೇಲೆ ಎಲ್ಲಿಗೆ ಬೇಕಾದರೂ ಸಾಗಿಸಬಹುದು. ಕ್ಯಾಬಿನ್ನಿನ ಬಲಗಡೆ ಚಾಲಕನ ಆಸನ, ಅದರ ಹಿಂದೆ ಪುಟ್ಟ ಅಡುಗೆ ಕಟ್ಟೆ, ಎಡಗಡೆ ಇಬ್ಬರು ಎದುರುಬದುರಾಗಿ ಕೂರುವ ಮೇಜು, ಮೂತಿಯ ಭಾಗದಲ್ಲಿ ಇಬ್ಬರಿಗೆ ಮಲಗುವ ಸ್ಥಳ ಇವೆ. ಸ್ನಾನದ ಮನೆ ಇಲ್ಲ. ಶೌಚಕ್ಕೆ ಸಾಮಾನ್ಯವಾಗಿ ಎತ್ತಿ ಖಾಲಿ ಮಾಡುವ ಪೋರ್ಟಾ-ಪಾಟಿಯೇ ಗತಿ. ಈ ಒಂದು ಅಂಶದಲ್ಲಿ ಜೊತೆಗಾರರ ಒಪ್ಪಿಗೆ ಸಿಗದಿದ್ದರೆ ಮುಂದಿನ ಯಾವ ಪರಿಶೀಲನೆಯೂ ಅನಗತ್ಯ.

ಕ್ಯಾಬಿನ್ ಕ್ರೂಸರ್‌ಗಳ ಜಾಹೀರಾತುಗಳು ಎಷ್ಟು ಜನ ಮಲಗಬಹುದು ಎಂಬ ಲೆಕ್ಕವನ್ನು ಮೊದಲು ಹೇಳುತ್ತವೆ. ಆದರೆ ತಿಂಗಳುಗಟ್ಟಲೆ ಸಾಗುವ ಯಾನದಲ್ಲಿ ಹಗಲೆಲ್ಲ ಕೂರುವ ಜಾಗವೇ ಮುಖ್ಯ. ಮಳೆ ಸುರಿಯುವಾಗಲೂ ಒಳಗೆ ಕುಳಿತು ಸುತ್ತಲೂ ನೋಡುತ್ತಾ ದೋಣಿ ನಡೆಸಬಹುದಾದ ಇದರ ಗಾಜಿನ ಕ್ಯಾಬಿನ್, ಅದೇ ಉದ್ದದ, ತೆರೆದ ಚಾಲಕಪೀಠವುಳ್ಳ ಎಕ್ಸ್‌ಪ್ರೆಸ್ ಕ್ರೂಸರ್‌ಗಳಿಗಿಂತ ಎಷ್ಟೋ ಮೇಲು. ಅಂತಹ ದೋಣಿಗಳಲ್ಲಿ ಹಾಸಿಗೆಗಳು ಹೆಚ್ಚಿರಬಹುದು, ಆದರೆ ಬಹುಪಾಲು ಸ್ಟರ್ನ್‌ಡ್ರೈವ್ ಎಂಜಿನ್ನಿನವು, ಅಂದರೆ ಎಂಜಿನ್ ದೋಣಿಯೊಳಗಿದ್ದು ಅದರ ಚಾಲನಾ ಕಾಲು ಹಿಂಗೋಡೆಯಿಂದ ಹೊರಗೆ ಚಾಚಿರುವಂಥವು. ಅದರಲ್ಲಿ ನೀರಿನ ಮಟ್ಟಕ್ಕಿಂತ ಕೆಳಗಿರುವ ರಬ್ಬರ್ ಬೆಲೋಸ್ (ಮಡಿಕೆಯ ಕೊಳವೆ) ಹರಿದರೆ ದೋಣಿಯೊಳಕ್ಕೆ ನೀರು ನುಗ್ಗುತ್ತದೆ. ಉಪ್ಪುನೀರಿನಲ್ಲಿ ಓಡಿದ ಎಂಜಿನ್ ಆಗಿದ್ದರೆ ಹೊಗೆಯನ್ನು ಹೊರಗೊಯ್ಯುವ ಎಕ್ಸಾಸ್ಟ್ ಮ್ಯಾನಿಫೋಲ್ಡ್ ಒಳಗಿನಿಂದ ತುಕ್ಕು ಹಿಡಿದಿರುವ ಭಯವೂ ಇದೆ. ಹೊರಗೆ ತೂಗುವ ಔಟ್‌ಬೋರ್ಡ್ ಎಂಜಿನ್ ಈ ಎರಡೂ ಚಿಂತೆಗಳನ್ನು ಕಳೆಯುತ್ತದೆ. ತೀರಾ ಕೆಟ್ಟರೆ ಬಿಚ್ಚಿ ಬೇರೆಯದನ್ನು ಕೂರಿಸಲೂಬಹುದು.

ಇದರ ತಳದ ಸ್ವಭಾವವನ್ನು ಮಾತ್ರ ಕೊಳ್ಳುವ ಮೊದಲೇ ಅರಿತಿರಬೇಕು. ಹಿಂಭಾಗದಲ್ಲಿ ಬಹುತೇಕ ಚಪ್ಪಟೆಯಾಗಿರುವುದರಿಂದ ದೋಣಿ ಕಡಿಮೆ ಶಕ್ತಿಯಲ್ಲೇ ನೀರಿನ ಮೇಲೆದ್ದು ಜಾರುತ್ತದೆ, ಲಂಗರು ಹಾಕಿ ನಿಂತಾಗ ಹೆಚ್ಚು ಹೊಯ್ದಾಡುವುದಿಲ್ಲ, ಆಳವಿಲ್ಲದ ನೀರಿಗೂ ಹೋಗುತ್ತದೆ. ಆದರೆ ಒತ್ತೊತ್ತಾಗಿ ಏಳುವ ಗಿಡ್ಡ ಅಲೆಗಳಿಗೆ ಎದುರಾಗಿ ವೇಗದಲ್ಲಿ ಹೋದರೆ ಅದೇ ಚಪ್ಪಟೆ ತಳ ನೀರಿಗೆ ಧಡಧಡನೆ ಬಡಿಯುತ್ತದೆ. ವೇಗವನ್ನು ಗಂಟೆಗೆ 12ರಿಂದ 14 ಮೈಲಿಗೆ ಇಳಿಸಿ, ಹಿಂಭಾಗದ ತಳದಂಚಿನಲ್ಲಿರುವ, ಏರಿಳಿಸಬಹುದಾದ ಫಲಕಗಳಾದ ಟ್ರಿಮ್ ಟ್ಯಾಬ್‌ಗಳಿಂದ ಮೂತಿಯನ್ನು ತಗ್ಗಿಸಿ ಹೋಗುವುದೇ ಇದಕ್ಕಿರುವ ಪರಿಹಾರ. ಮಿಚಿಗನ್ ಸರೋವರದಂತಹ ಕಡೆ ಅಷ್ಟೂ ಸಾಲದೆ, ಗಾಳಿ ಇಳಿಯುವ ತನಕ ಬಂದರಿನಲ್ಲೇ ಕಾಯಬೇಕಾಗುತ್ತದೆ. ವೇಳಾಪಟ್ಟಿ ಹಿಡಿದು ಹೊರಡುವವರಿಗೆ ಈ ದೋಣಿ ಒಗ್ಗದು.

ಇಂಧನದ ಲೆಕ್ಕದಲ್ಲಿ ಇದರ ಗುಣವೂ ಮಿತಿಯೂ ಒಟ್ಟಿಗೇ ಕಾಣುತ್ತವೆ. ಫೋರ್-ಸ್ಟ್ರೋಕ್ ಎಂಜಿನ್ ಇದ್ದರೆ ಜಾರುವ ವೇಗದಲ್ಲಿ ಗ್ಯಾಲನ್ ಪೆಟ್ರೋಲಿಗೆ ಮೂರರಿಂದ ನಾಲ್ಕು ಮೈಲಿ ಸಿಗುತ್ತದೆ. ಎರಡು ಟ್ಯಾಂಕ್‌ಗಳಿಂದ ಒಟ್ಟು 40 ಗ್ಯಾಲನ್ ಎಂದು ಹಿಡಿದರೆ, ಮೂರನೇ ಒಂದು ಭಾಗವನ್ನು ಮೀಸಲಿಟ್ಟ ಮೇಲೆ ನೆಚ್ಚಿಕೊಳ್ಳಬಹುದಾದ ದೂರ ಸುಮಾರು 80ರಿಂದ 100 ಮೈಲಿ. ಗ್ರೇಟ್ ಲೂಪಿನ ಬಹುಭಾಗಕ್ಕೆ ಇದು ಸಾಕು. ಆದರೆ ಸೇಂಟ್ ಲೂಯಿಸ್ ಬಳಿಯಿಂದ ಮಿಸಿಸಿಪ್ಪಿಯಲ್ಲಿ ಇಳಿದು, ಇಲಿನಾಯ್ ರಾಜ್ಯದ ಕೈರೋದಲ್ಲಿ ಓಹಾಯೋ ನದಿಗೆ ತಿರುಗಿ ಮೇಲೇರುವ ಭಾಗದಲ್ಲಿ 200 ಮೈಲಿಗೂ ಹೆಚ್ಚು ದೂರ ನಡುವೆ ಎಲ್ಲೂ ಇಂಧನ ತುಂಬಿಸಿಕೊಳ್ಳದೆ ಸಾಗಲು ಸಿದ್ಧರಾಗಿರಬೇಕು. ಅಲ್ಲಿ ಎರಡು ಉಪಾಯಗಳನ್ನು ಕೂಡಿಸಬೇಕಾಗುತ್ತದೆ: ಕ್ಯಾನ್‌ಗಳಲ್ಲಿ ಹೆಚ್ಚುವರಿ ಪೆಟ್ರೋಲನ್ನು ಕ್ಯಾಬಿನ್ನಿನ ಹೊರಗೆ, ಗಾಳಿಯಾಡುವ ಜಾಗದಲ್ಲಿ ಕಟ್ಟಿಡುವುದು, ಮತ್ತು ದೋಣಿಯನ್ನು ಜಾರಿಸದೆ, ನೀರನ್ನು ಸೀಳಿಕೊಂಡು ಹೋಗುವ ನಿಧಾನ ವೇಗದಲ್ಲಿ ನಡೆಸುವುದು. ನೀರಿನ ಮಟ್ಟದಲ್ಲಿ ಸುಮಾರು 20 ಅಡಿ ಉದ್ದವಿರುವ ದೋಣಿಗೆ ಆ ವೇಗದ ಮೇಲ್ಮಿತಿ 6 ನಾಟ್, ಅಂದರೆ ಗಂಟೆಗೆ ಸುಮಾರು 7 ಮೈಲಿ. ಅದಕ್ಕೂ ತುಸು ಕೆಳಗಿದ್ದರೆ ಗ್ಯಾಲನ್ನಿಗೆ ಐದು ಮೈಲಿ ಮೀರಿಸಬಹುದು, ಮಿಸಿಸಿಪ್ಪಿಯ ಪ್ರವಾಹವೂ ಕೈರೋದವರೆಗೆ ಜೊತೆಗಿರುತ್ತದೆ. ಇಷ್ಟಕ್ಕೂ ಈರಿ ಕಾಲುವೆಯ ಬಹುಭಾಗದಲ್ಲಿ ವೇಗದ ಮಿತಿಯೇ ಗಂಟೆಗೆ 10 ಮೈಲಿ. ದೊಡ್ಡ ಎಂಜಿನ್ನಿಗಾಗಿ ಹೆಚ್ಚು ಹಣ ಕೊಡುವವರು ಇದನ್ನು ನೆನಪಿನಲ್ಲಿಡುವುದು ಒಳ್ಳೆಯದು.

ಬಳಸಿದ ದೋಣಿಯ ಪರೀಕ್ಷೆಯಲ್ಲಿ ಎಂಜಿನ್ನಿಗಿಂತ ಮೊದಲು ನೋಡಬೇಕಾದದ್ದು ತಳವನ್ನು. ಇದರ ತಳದಲ್ಲಿ ಫೈಬರ್‌ಗ್ಲಾಸಿನ ಎರಡು ಪದರಗಳ ನಡುವೆ ಬಾಲ್ಸಾ ಎಂಬ ಹಗುರ ಮರದ ತಿರುಳು ಇದೆ. ದೋಣಿ ಹಗುರವಾಗಿಯೂ ಗಟ್ಟಿಯಾಗಿಯೂ ಇರುವುದು ಅದರಿಂದಲೇ. ಎಂಜಿನ್ ಮತ್ತು ಇಂಧನ ಸೇರಿಸದೆ ತೂಕ ಸುಮಾರು ಒಂದು ಟನ್ ಅಷ್ಟೇ. ಆದರೆ ಹಿಂದಿನ ಮಾಲೀಕರು ಆಳಮಾಪಕವನ್ನೋ ಟ್ರಿಮ್ ಟ್ಯಾಬನ್ನೋ ಕೂರಿಸಲು ಕೊರೆದ ಸಣ್ಣ ರಂಧ್ರವನ್ನು ಸರಿಯಾಗಿ ಮುಚ್ಚದಿದ್ದರೆ, ನೀರು ತಿರುಳಿಗಿಳಿದು ವರ್ಷಗಳ ಕಾಲ ಯಾರಿಗೂ ಕಾಣದಂತೆ ಕೊಳೆಸುತ್ತದೆ. ಸರಿಯಾದ ಕ್ರಮದಲ್ಲಿ ರಂಧ್ರವನ್ನು ಬೇಕಾದುದಕ್ಕಿಂತ ದೊಡ್ಡದಾಗಿ ಕೊರೆದು, ಎಪಾಕ್ಸಿ ಅಂಟು ತುಂಬಿ, ಅದು ಗಟ್ಟಿಯಾದ ಮೇಲೆ ಅದರೊಳಗೇ ಮತ್ತೆ ಕೊರೆದಿರುತ್ತಾರೆ. ಮಾರುವವರನ್ನು ಕೇಳಬೇಕಾದ ಮೊದಲ ಪ್ರಶ್ನೆ ಇದೇ. ಉತ್ತರ ಬರುವ ರೀತಿಯಿಂದಲೇ ಅರ್ಧ ವಿಷಯ ತಿಳಿಯುತ್ತದೆ. ಅನಂತರ ಪ್ಲಾಸ್ಟಿಕ್ ಸುತ್ತಿಗೆಯಿಂದ ತಳವನ್ನು ಅಂಗುಲ ಅಂಗುಲವಾಗಿ ತಟ್ಟುತ್ತಾ ಹೋಗಬೇಕು: ಗಟ್ಟಿ ತಿರುಳು ಖಣಿ ಎನ್ನುತ್ತದೆ, ನೆನೆದದ್ದು ಮಂಕಾಗಿ ಸದ್ದು ಮಾಡುತ್ತದೆ. ಎಂಜಿನ್ ಹೊತ್ತ ಹಿಂಗೋಡೆಯನ್ನು ಪರೀಕ್ಷಿಸಲು ಎಂಜಿನ್ನನ್ನು ಅರ್ಧ ಎತ್ತಿ, ಅದರ ಕೆಳತುದಿಯ ಮೇಲೆ ಒಬ್ಬರು ಭಾರ ಹಾಕಬೇಕು, ಇನ್ನೊಬ್ಬರು ಗೋಡೆ ಬಾಗುತ್ತದೆಯೇ ಎಂದು ಗಮನಿಸಬೇಕು. ತೇವಮಾಪಕ ಹಿಡಿದು ಬರುವ ವೃತ್ತಿಪರ ಸರ್ವೇಯರ್‌ಗೆ ಕೊಡುವ ಶುಲ್ಕ ಇಲ್ಲಿ ವ್ಯರ್ಥವಾಗದು. ಟ್ರೇಲರ್ ಸಮೇತ ವೇ ಬ್ರಿಡ್ಜ್ ಮೇಲೆ ತೂಗಿ ನೋಡುವುದೂ ಒಂದು ಉಪಾಯ. ಲೆಕ್ಕಕ್ಕೆ ಸಿಗದ ತೂಕವಿದ್ದರೆ ಅದು ತಿರುಳಿನಲ್ಲಿ ಕುಳಿತ ನೀರಾಗಿರಬಹುದು.

ಎಂಜಿನ್ ಎಷ್ಟು ಗಂಟೆ ಓಡಿದೆ ಎಂಬ ಅಂಕಿಗೆ ಕೊಳ್ಳುವವರು ಕೊಡುವ ಮಹತ್ವ ನನಗೆ ಅತಿಯೆನಿಸುತ್ತದೆ. ನಿಯಮಿತವಾಗಿ ಓಡಿ ಸಕಾಲಕ್ಕೆ ಆರೈಕೆ ಪಡೆದ ಎಂಜಿನ್, ಟ್ಯಾಂಕಿನಲ್ಲಿ ಹಳೆಯ ಪೆಟ್ರೋಲ್ ಇಟ್ಟುಕೊಂಡು ವರ್ಷಗಟ್ಟಲೆ ನಿಂತ ಎಂಜಿನ್ನಿಗಿಂತ ಬಹಳ ಮೇಲು. ಎಲ್ಲ ಸಿಲಿಂಡರ್‌ಗಳ ಕಂಪ್ರೆಷನ್ (ಒಳಗಿನ ಒತ್ತಡ) ಹತ್ತಿರ ಹತ್ತಿರ ಇರಬೇಕು, ಗೇರ್ ಎಣ್ಣೆ ಹಾಲಿನ ಬಣ್ಣಕ್ಕೆ ತಿರುಗಿರಬಾರದು. ತಿರುಗಿದ್ದರೆ ಸೀಲ್ ಹೋಗಿ ನೀರು ಸೇರಿದೆ ಎಂದರ್ಥ. ಕಾರ್ಬ್ಯುರೇಟರ್ ಇರುವ ಹಳೆಯ ಟೂ-ಸ್ಟ್ರೋಕ್ ಎಂಜಿನ್ ದೋಣಿಯ ಬೆಲೆಯನ್ನು ಇಳಿಸುತ್ತದೆ ನಿಜ, ಆದರೆ ಸಾವಿರಾರು ಮೈಲಿಯ ಯಾನದಲ್ಲಿ ಆ ಉಳಿತಾಯವನ್ನು ಅದೇ ಕುಡಿದುಬಿಡುತ್ತದೆ. ಮುಖ್ಯ ಎಂಜಿನ್ ಸಾಮಾನ್ಯವಾಗಿ ಒಂದೇ ಆಗಿರುವುದರಿಂದ, ಪಕ್ಕದಲ್ಲಿ ಎಂಟು ಹತ್ತು ಅಶ್ವಶಕ್ತಿಯ ಚಿಕ್ಕ ಎಂಜಿನ್ ಇರುವ ದೋಣಿಗೆ ನಾನು ಹೆಚ್ಚು ಅಂಕ ಕೊಡುತ್ತೇನೆ.

ವಿದ್ಯುತ್ತಿನ ವಿಷಯದಲ್ಲಿ ಹೆಚ್ಚು ಹೇಳಬೇಕಾದದ್ದಿಲ್ಲ: ಸಣ್ಣ ಫ್ರಿಜ್ ಒಂದೇ ದಿನಕ್ಕೆ 40 ಆಂಪಿಯರ್-ಗಂಟೆಯಷ್ಟನ್ನು ಎಳೆಯಬಲ್ಲದು, ಸೀಸದ ಬ್ಯಾಟರಿಯ ಅರ್ಧದಷ್ಟನ್ನು ಮಾತ್ರ ಬಳಸುವುದು ಕ್ಷೇಮ. ಇಂಗಾಲದ ಮಾನಾಕ್ಸೈಡ್ ಪತ್ತೆಯಂತ್ರವಂತೂ ಇರಲೇಬೇಕು. ಮುಂದಿನ ಕಿಟಕಿಗಳನ್ನು ಮುಚ್ಚಿ ಹಿಂಬಾಗಿಲನ್ನು ತೆರೆದು ಓಡಿಸಿದರೆ, ಹಿಂದಿನ ಎಂಜಿನ್ನಿನ ಹೊಗೆಯನ್ನು ಕ್ಯಾಬಿನ್ನೇ ಒಳಕ್ಕೆ ಸೆಳೆದುಕೊಳ್ಳುತ್ತದೆ.

ಇಬ್ಬರಿಗೆ, ಅದೂ ಹೊಂದಿಕೊಂಡು ಬಾಳುವ ಇಬ್ಬರಿಗೆ, ತಳ ಒಣಗಿರುವ ಸಿ-ಡೋರಿ 22 ಉತ್ತಮ ಆಯ್ಕೆ. ಮೂರನೆಯವರು ಬರುವುದಾದರೆ 25 ಅಡಿಯ ದೋಣಿಯನ್ನೇ ನೋಡಬೇಕು. ಮಾತು ಮುಗಿಸುವ ಮೊದಲು ಟ್ರೇಲರನ್ನೂ ಬಗ್ಗಿ ನೋಡುವುದು ಅಗತ್ಯ, ಏಕೆಂದರೆ ಬೇಡವಾದ ಭಾಗವನ್ನು ರಸ್ತೆಯಲ್ಲಿ ದಾಟಬಹುದೆಂಬುದೇ ಈ ದೋಣಿಯ ದೊಡ್ಡ ಅನುಕೂಲ. ಬೇರಿಂಗ್ ಮತ್ತು ಬ್ರೇಕುಗಳನ್ನು ಪರೀಕ್ಷಿಸಿ, ಟೈರಿನ ಪಕ್ಕದಲ್ಲಿ ಅಚ್ಚಾದ ನಾಲ್ಕಂಕಿಯ ಗುರುತನ್ನು ಓದಬೇಕು. ಮೊದಲ ಎರಡು ಅಂಕಿಗಳು ತಯಾರಾದ ವಾರವನ್ನೂ ಕೊನೆಯ ಎರಡು ವರ್ಷವನ್ನೂ ಸೂಚಿಸುತ್ತವೆ. ಟೈರು ಬಹಳ ಹಳೆಯದಾಗಿದ್ದರೆ, ಗೀರುಗಳು ಎಷ್ಟೇ ಆಳವಾಗಿ ಉಳಿದಿದ್ದರೂ, ಹೊಸ ಟೈರುಗಳ ಬೆಲೆಯನ್ನು ಕೇಳಿದ ಬೆಲೆಯಿಂದ ಕಳೆದೇ ಚೌಕಾಸಿಗೆ ಕೂರಬೇಕು.