ಕನ್ನಡದ ಲ್ಯಾಬ್ ಮ್ಯಾನುವಲ್‌ಗೆ ಯಾವ ಎಡಿಟರ್? ವಿಎಸ್ ಕೋಡ್, ಟೆಕ್‌ಸ್ಟುಡಿಯೋ, ಓವರ್‌ಲೀಫ್

ಲೇಟೆಕ್ (ಬರಹದ ನಡುವೆ ಕಮಾಂಡ್ ಹಾಕಿ, ಸೂತ್ರಗಳಿರುವ ಪಿಡಿಎಫ್ ತಯಾರಿಸುವ ತಂತ್ರಾಂಶ) ಬರೆಯಲು ಯಾವ ಎಡಿಟರ್ ಹಾಕಿಕೊಳ್ಳಲಿ ಎಂದು ಯಾರಾದರೂ ಕೇಳಿದರೆ ನಾನು ತಿರುಗಿ ಕೇಳುವುದು ಒಂದೇ: ಬರೆಯುವುದರಲ್ಲಿ ಕನ್ನಡ ಎಷ್ಟಿದೆ? ಧಾರವಾಡದಲ್ಲಿ ಬಿಎಸ್ಸಿ ಮಕ್ಕಳಿಗೆ ಭೌತಶಾಸ್ತ್ರದ ಲ್ಯಾಬ್ ಮ್ಯಾನುವಲ್ ಅನ್ನು ಕನ್ನಡ, ಇಂಗ್ಲಿಷ್ ಎರಡರಲ್ಲೂ ಸಿದ್ಧಪಡಿಸುತ್ತ ಈ ಮೂರನ್ನೂ ಬಳಸಿದ್ದೇನೆ. ಬರೀ ಇಂಗ್ಲಿಷ್ ಆದರೆ ಯಾವುದಾದರೂ ನಡೆಯುತ್ತದೆ. ಕನ್ನಡ ಬಂತೆಂದರೆ ಲೆಕ್ಕ ಬದಲಾಗುತ್ತದೆ.

ಮೂರಕ್ಕೂ ಸೇರಿದ ಮಾತು ಮೊದಲು. ಲೇಟೆಕ್ ಫೈಲನ್ನು ಪಿಡಿಎಫ್ ಮಾಡುವ ಸಾಮಾನ್ಯ ಕಂಪೈಲರ್ ಆದ ಪಿಡಿಎಫ್‌ಲೇಟೆಕ್‌ನಿಂದ ಕನ್ನಡ ಆಗುವುದಿಲ್ಲ ಎಂದೇ ತಿಳಿಯಿರಿ. ಅದರ ಬದಲು ಝೀಲೇಟೆಕ್ ಅಥವಾ ಲುವಾಲೇಟೆಕ್ ಎಂಬ ಕಂಪೈಲರ್ ಬೇಕು. ಫಾಂಟ್ ಆರಿಸುವ ಪ್ಯಾಕೇಜ್ ಆದ ಫಾಂಟ್‌ಸ್ಪೆಕ್‌ನಲ್ಲಿ ಫಾಂಟ್ ಹೆಸರಿನ ಜೊತೆ ‘ಸ್ಕ್ರಿಪ್ಟ್’ ಆಯ್ಕೆಗೆ ಕನ್ನಡ ಎಂದು ಕೊಡದಿದ್ದರೆ ‘ಶಕ್ತಿ’ ಹೋಗಿ ‘ಶಕ್‌ತಿ’ ಬರುತ್ತದೆ. "ಸರ್, ಒತ್ತಕ್ಷರ ಎಲ್ಲಾ ಬಿಚ್ಚಿ ಬಂದಾವ್ರೀ" ಎಂದು ಯಾರಾದರೂ ಪಿಡಿಎಫ್ ತೋರಿಸಿದರೆ ನಾನು ಮೊದಲು ನೋಡುವುದು ಆ ಸಾಲನ್ನೇ. ಲುವಾಲೇಟೆಕ್ ಆದರೆ ಅಕ್ಷರ ಜೋಡಿಸುವ ‘ರೆಂಡರರ್’ ಆಯ್ಕೆಗೆ ಹಾರ್ಫ್‌ಬಝ್ ಎಂದೂ ಕೊಡಬೇಕು. ಲೇಟೆಕ್‌ಗೆ ಬೇಕಾದ ತಂತ್ರಾಂಶಗಳನ್ನು ಒಟ್ಟಿಗೆ ಕೊಡುವ ಟೆಕ್ ಲೈವ್‌ನಲ್ಲಿ 2020ರ ಆವೃತ್ತಿಯಿಂದ ಅದು ಒಳಗೇ ಇದೆ.

ನನ್ನ ದಿನದ ಕೆಲಸ ನಡೆಯುವುದು ವಿಎಸ್ ಕೋಡ್‌ನಲ್ಲಿ, ಲೇಟೆಕ್ ವರ್ಕ್‌ಶಾಪ್ ಎಕ್ಸ್‌ಟೆನ್ಷನ್ ಹಾಕಿಕೊಂಡು. ಟೆಕ್ ಲೈವ್ ಬೇರೆಯಾಗಿ ಇನ್‌ಸ್ಟಾಲ್ ಮಾಡಬೇಕು. ಪೂರ್ತಿ ಹಾಕಿದರೆ ಹಲವು ಜಿಬಿ ತಿನ್ನುತ್ತದೆ, ಅದಕ್ಕೆ ರಾತ್ರಿ ಹಚ್ಚಿಟ್ಟು ಮಲಗುವುದು ಒಳ್ಳೆಯದು. ಹಾಗೇ ಬಿಟ್ಟರೆ ಎಕ್ಸ್‌ಟೆನ್ಷನ್ ಪಿಡಿಎಫ್‌ಲೇಟೆಕ್ ಓಡಿಸುತ್ತದೆ. ಸೆಟ್ಟಿಂಗ್ಸ್‌ನಲ್ಲಿ ಡೀಫಾಲ್ಟ್ ರೆಸಿಪಿಯನ್ನು (ಯಾವ ಕಂಪೈಲರ್ ಹೇಗೆ ಓಡಬೇಕೆಂಬ ಸೂಚನೆ), ಕಂಪೈಲರನ್ನು ಬೇಕಾದಷ್ಟು ಸಲ ತಾನೇ ಓಡಿಸುವ ಲೇಟೆಕ್‌ಎಂಕೆಯ ಝೀಲೇಟೆಕ್ ರೆಸಿಪಿಗೆ ಬದಲಿಸಿದರೆ ಮುಗಿಯಿತು: ಸೇವ್ ಒತ್ತಿದ ಕೂಡಲೇ ಪಕ್ಕದಲ್ಲಿ ಪಿಡಿಎಫ್ ಹೊಸದಾಗುತ್ತದೆ. ಪಿಡಿಎಫ್‌ನಲ್ಲಿ ತಪ್ಪು ಕಂಡ ಜಾಗಕ್ಕೆ ಕಂಟ್ರೋಲ್ ಹಿಡಿದು ಕ್ಲಿಕ್ ಮಾಡಿದರೆ ಮೂಲದ ಅದೇ ಸಾಲಿಗೆ ಕರೆದೊಯ್ಯುತ್ತದೆ. ನೂರಾರು ಪುಟದ ಮ್ಯಾನುವಲ್ ತಿದ್ದುವವರಿಗೆ ಇದರ ಬೆಲೆ ಗೊತ್ತಾಗುತ್ತದೆ.

ಇನ್ನೊಂದು ಅನುಕೂಲವನ್ನು ಯಾರೂ ಹೇಳುವುದಿಲ್ಲ. ‘ವೋಲ್ಟ್‌ಮೀಟರ್’ ಬರೆಯುವಾಗ ಟ್ ಮತ್ತು ಮೀ ನಡುವೆ ಕಣ್ಣಿಗೆ ಕಾಣದ ಒಂದು ಅಕ್ಷರ ಕೂತಿರುತ್ತದೆ. ಒಬ್ಬರು ಅದನ್ನು ಹಾಕಿ, ಇನ್ನೊಬ್ಬರು ಬಿಟ್ಟು ಟೈಪ್ ಮಾಡಿದ್ದರೆ ಹುಡುಕಿದಾಗ ಅರ್ಧ ಕಡೆ ಸಿಗುವುದೇ ಇಲ್ಲ. ಯೂನಿಕೋಡ್ ಹೈಲೈಟ್ ಚಾಲೂ ಇದ್ದರೆ ವಿಎಸ್ ಕೋಡ್ ಆ ಜಾಗಕ್ಕೆ ಪುಟ್ಟ ಚೌಕಟ್ಟು ಹಾಕಿ ತೋರಿಸುತ್ತದೆ. ಇದೊಂದಕ್ಕೇ ನಾನು ಇದನ್ನು ಬಿಡಲಾರೆ.

ಹೊಸಬರಿಗೆ ಮಾತ್ರ ಟೆಕ್‌ಸ್ಟುಡಿಯೋನೇ ಹಾಕಿಕೊಡುತ್ತೇನೆ. ಬಿಲ್ಡ್ ಸೆಟ್ಟಿಂಗ್‌ನಲ್ಲಿ ಡೀಫಾಲ್ಟ್ ಕಂಪೈಲರ್ ಝೀಲೇಟೆಕ್ ಮಾಡಿ, ಎಫ್5 ಒತ್ತಿದರೆ ಆಯಿತು. ಚಿಹ್ನೆಗಳ ಪಟ್ಟಿ ಎಡಗಡೆಯೇ ಇರುವುದರಿಂದ ಒಮೆಗಾ, ಲ್ಯಾಂಬ್ಡಾಗಳ ಕಮಾಂಡ್ ಬಾಯಿಪಾಠ ಬೇಕಿಲ್ಲ. ಉದ್ದನೆಯ ಕನ್ನಡ ಸಾಲಿನಲ್ಲಿ ಕರ್ಸರ್ ಒಂದು ಕಡೆ, ಅಕ್ಷರ ಇನ್ನೊಂದು ಕಡೆ ಆಗುವುದುಂಟು. ಎಡಿಟರ್‌ನ ಅಡ್ವಾನ್ಸ್ಡ್ ಆಯ್ಕೆಗಳಲ್ಲಿ ಫಿಕ್ಸೆಡ್ ಪಿಚ್ ಮೋಡ್ ಬಂದ್ ಮಾಡಿ ನೋಡಿ.

ಬ್ರೌಸರ್‌ನಲ್ಲೇ ನಡೆಯುವ ಓವರ್‌ಲೀಫ್‌ಗೆ ಇನ್‌ಸ್ಟಾಲ್‌ನ ಗೊಡವೆಯೇ ಇಲ್ಲ. ಹುಬ್ಬಳ್ಳಿಯಲ್ಲಿ ಒಬ್ಬ, ಗದಗದಲ್ಲಿ ಒಬ್ಬ ಕೂತು ಒಂದೇ ಪ್ರಾಜೆಕ್ಟ್ ರಿಪೋರ್ಟ್ ಬರೆಯುವುದಾದರೆ ಇದಕ್ಕೆ ಸಮ ಇಲ್ಲ. ಸೆಟ್ಟಿಂಗ್ಸ್‌ನಲ್ಲಿ ಕಂಪೈಲರ್ ಬದಲಿಸಿ, ನಿಮ್ಮ ಕನ್ನಡ ಫಾಂಟ್ ಫೈಲನ್ನು ಪ್ರಾಜೆಕ್ಟ್‌ಗೇ ಅಪ್‌ಲೋಡ್ ಮಾಡಬಹುದು. ಆದರೆ ಉಚಿತ ಖಾತೆಯಲ್ಲಿ ಕಂಪೈಲ್ ಸಮಯಕ್ಕೂ ಜೊತೆಗಾರರ ಸಂಖ್ಯೆಗೂ ಮಿತಿ ಇದೆ. ಲೇಟೆಕ್‌ನಲ್ಲೇ ಚಿತ್ರ ಬಿಡಿಸುವ ಟಿಕ್‌ಝ್ ಪ್ಯಾಕೇಜ್‌ನಲ್ಲಿ ಬರೆದ ಸರ್ಕ್ಯೂಟ್ ಚಿತ್ರಗಳು ತುಂಬಿದ ಮ್ಯಾನುವಲ್ ಆ ಮಿತಿಗೆ ಬೇಗ ತಾಗುತ್ತದೆ. ಮಳೆಗಾಲದಲ್ಲಿ ಕರೆಂಟ್ ಹೋಗಿ ವೈಫೈ ನಿಂತರೆ ಕೆಲಸವೂ ನಿಂತಂತೆ. ಲ್ಯಾಪ್‌ಟಾಪಿನಲ್ಲೇ ಎಲ್ಲ ಇದ್ದರೆ ಬ್ಯಾಟರಿ ಇರುವತನಕ ಬರೆಯಬಹುದು.

ಯಾವುದರಲ್ಲಿ ಮಾಡಿದರೂ ಪಿಡಿಎಫ್ ಒಳಗೇ ಫಾಂಟ್ ಸೇರಿರುತ್ತದೆ, ಹಾಗಾಗಿ ಸಪ್ತಾಪುರದ ಝೆರಾಕ್ಸ್ ಅಂಗಡಿಯ ಕಂಪ್ಯೂಟರಿನಲ್ಲಿ ಆ ಫಾಂಟ್ ಇದೆಯೋ ಇಲ್ಲವೋ ಎಂಬ ಚಿಂತೆ ಬೇಡ.

ಲೇಟೆಕ್‌ಗೆ ಬದಲಿಯಾಗಿ ಬಂದ, 2023ರಲ್ಲಿ ಓಪನ್ ಸೋರ್ಸ್ ಆದ ಟೈಪ್ಸ್ಟ್ ಅನ್ನೂ ವಿಎಸ್ ಕೋಡ್‌ನಲ್ಲೇ ಟೈನಿಮಿಸ್ಟ್ ಎಕ್ಸ್‌ಟೆನ್ಷನ್ ಹಾಕಿ ಬಳಸುತ್ತಿದ್ದೇನೆ. ಟೈಪ್ ಮಾಡುತ್ತಿದ್ದಂತೆಯೇ ಪುಟ ಬದಲಾಗುತ್ತದೆ, ಒತ್ತಕ್ಷರಕ್ಕೆ ಬೇರೆ ಸೂಚನೆ ಕೊಡಬೇಕಿಲ್ಲ. ಜರ್ನಲ್‌ಗಳು ಹೆಚ್ಚಾಗಿ ಕೇಳುವುದು ಲೇಟೆಕ್ ಫೈಲನ್ನೇ ಆದ್ದರಿಂದ ಲೇಖನಗಳನ್ನು ಅತ್ತ ಒಯ್ದಿಲ್ಲ. ವಾರದ ಲೆಕ್ಕದ ಹಾಳೆಗಳನ್ನಂತೂ ಈಗ ಅದರಲ್ಲೇ ಮಾಡುತ್ತೇನೆ.